ಐದರ ಗೆರೆ

ಮುದುಕರನ್ನು ನಂಬದಿರುವುದೇ ನನ್ನ ಹೊಟ್ಟೆಪಾಡು. ಜಗತ್ತಿನ ಅತಿ ಹಿರಿಯರ ಪಟ್ಟಿ ಇಡುವ ನಮ್ಮ ಕಚೇರಿಗೆ, ಯಾರಿಗಾದರೂ ನೂರಾ ಹತ್ತು ದಾಟಿದೆ ಎಂದು ಅರ್ಜಿ ಬಂದರೆ ಅದು ನನ್ನ ಮೇಜಿಗೇ ಬಂದು ಬೀಳುತ್ತದೆ. ಹುಟ್ಟಿದ ದಾಖಲೆ, ಶಾಲೆಯ ದಾಖಲೆ, ಮದುವೆಯ ದಾಖಲೆ, ಜನಗಣತಿ, ಎಲ್ಲವನ್ನೂ ಹರಡಿಕೊಂಡು, ಇವರು ನಿಜವಾಗಿಯೂ ಅವರೇ ಹೌದೇ ಎಂದು ನೋಡಬೇಕು. ಹೆಚ್ಚಿನವರು ಅವರಾಗಿರುವುದಿಲ್ಲ. ಮೋಸವೇನಲ್ಲ, ಯಾವುದೋ ಕಾಲದಲ್ಲಿ ಅಪ್ಪನ ಕಾಗದ ಮಗನಿಗೆ ಅಂಟಿಕೊಂಡಿರುತ್ತದೆ, ಅಷ್ಟೆ. ನಾನು ಅದನ್ನು ಬಿಡಿಸಿ, ಹತ್ತೋ ಹನ್ನೆರಡೋ ವರ್ಷ ಕತ್ತರಿಸಿ, ಆ ಮನೆಯವರ ಶಾಪ ಹೊತ್ತುಕೊಂಡು ಬರುತ್ತೇನೆ. ಬೇರೆ ಹೆಂಗಸರಿಗೆ ವಯಸ್ಸಿನ ವಿಷಯದಲ್ಲಿ ಒಂದೆರಡು ವರ್ಷ ಆಚೀಚೆ ಮಾಡುವ ಭಾಗ್ಯವಾದರೂ ಇದೆ, ತನಗೆ ಅದೂ ಇಲ್ಲ ಎಂದು ನನ್ನ ಹೆಂಡತಿ ಮದುವೆಯಾದಾಗಿನಿಂದ ಗೊಣಗುತ್ತಿದ್ದಾಳೆ.

ನಾನು ಕತ್ತರಿ ಹಾಕದೆ ಬಿಟ್ಟ ಅರ್ಜಿಗಳಲ್ಲಿ ಒಬ್ಬ ಅಜ್ಜಿಯದು ನನ್ನ ಹೆಮ್ಮೆ. ನಾಲ್ಕು ವರ್ಷದ ಹಿಂದೆ, ಅವರಿಗೆ ನೂರಾ ಹತ್ತು ತುಂಬಿದಾಗ, ನಾನೇ ಹೋಗಿ ನೋಡಿ ಸರಿ ಇದೆ ಎಂದು ಸಹಿ ಹಾಕಿದ್ದೆ. ಕೆಲಸ ಕಲಿಯಲು ಬರುವವರಿಗೆಲ್ಲ ಆ ಕಡತವನ್ನೇ ತೋರಿಸುತ್ತಿದ್ದೆ. ಎಂಟು ದಾಖಲೆ, ಎಂಟರಲ್ಲೂ ಒಂದೇ ಹೆಸರು, ಒಂದೇ ಹುಟ್ಟಿದ ದಿನ. ಇಂಥದ್ದು ನೋಡಲು ಪುಣ್ಯ ಬೇಕು ಎನ್ನುತ್ತಿದ್ದೆ.

ಈಗ, ಪಟ್ಟಿಯಲ್ಲಿ ಅಜ್ಜಿಗಿಂತ ಮೇಲಿದ್ದ ಒಬ್ಬರು ತೀರಿಕೊಂಡರು. ನೂರಾ ಹದಿನಾಲ್ಕರ ಅಜ್ಜಿ ಜಗತ್ತಿನಲ್ಲಿ ಬದುಕಿರುವವರಲ್ಲೇ ಅತಿ ಹಿರಿಯರಾದರು. ಶುಕ್ರವಾರ ಘೋಷಣೆ. ಅದಕ್ಕೆ ಮೊದಲು ಒಮ್ಮೆ ಹೋಗಿ, ಅವರು ಬದುಕಿದ್ದಾರೆ, ಅವರೇ ಇವರು ಎಂದು ಕೊನೆಯ ಹಾಳೆಗೆ ಸಹಿ ಹಾಕಬೇಕಿತ್ತು. ಅರ್ಧ ಗಂಟೆಯ ಕೆಲಸ. ಬುಧವಾರ ಹೊರಟೆ. ಜೊತೆಗೆ ರಕ್ತದ ಡಾಕ್ಟರಮ್ಮನೂ ಬಂದರು. ಮನುಷ್ಯ ಯಾಕೆ ಮುದುಕನಾಗುತ್ತಾನೆ ಎಂಬುದು ಅವರ ಸಂಶೋಧನೆ. ವರ್ಷಕ್ಕೊಮ್ಮೆ ಅಜ್ಜಿಯ ರಕ್ತ ತೆಗೆದುಕೊಂಡು ಹೋಗುತ್ತಾರೆ.

ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಮೆಟ್ಟಿಲ ತುಂಬ ಬಿಸಿ ಬಟ್ಟೆಯ ವಾಸನೆ. ಬಾಗಿಲು ತೆಗೆದದ್ದು ಅಜ್ಜಿಯ ಮಗಳು. ತಾಯಿ ಇವತ್ತಿಗೂ ಪುಟ್ಟಿ ಎಂದೇ ಕರೆಯುತ್ತಾರೆ. ಎಂಬತ್ತೊಂದು ವರ್ಷದವರನ್ನು ಹಾಗೆ ಕರೆಯಲು ನಾಲಿಗೆ ಬಾರದೆ ಬೀದಿಯವರು ಒಂದು ಅಮ್ಮ ಸೇರಿಸಿ ಪುಟ್ಟಮ್ಮ ಮಾಡಿದ್ದಾರೆ.

"ಬನ್ನಿ, ಬನ್ನಿ. ಟಿವಿಯವರು ಬೆಳಗ್ಗೇನೇ ಬಂದು ಮೆಟ್ಟಿಲು ಅಳತೆ ಮಾಡ್ಕೊಂಡು ಹೋದ್ರು. ನನ್ನ ಕೂದಲಿಗೆ ಬಣ್ಣ ಹಾಕ್ಸಿದ್ದೀನಿ, ಗೊತ್ತಾಗುತ್ತಾ?" ಎಂದರು ಪುಟ್ಟಮ್ಮ.

"ಅಜ್ಜಿಗಿಂತ ನೀವೇ ಮಿಂಚ್ತೀರಿ," ಎಂದರು ಡಾಕ್ಟರಮ್ಮ.

ಒಳಗೆ ಎಲ್ಲವೂ ನಾಲ್ಕು ವರ್ಷದ ಹಿಂದೆ ಇದ್ದಂತೆಯೇ ಇತ್ತು. ಕಿಟಕಿಯ ಪಕ್ಕ ಅಜ್ಜಿಯ ಕುರ್ಚಿ. ಅದರಿಂದ ಮೂರೇ ಹೆಜ್ಜೆ ಆಚೆ, ಗೋಡೆಗೆ ಆನಿಸಿ ನಿಲ್ಲಿಸಿದ ಒಂದು ಹಳೆಯ ಬಾಗಿಲ ಚೌಕಟ್ಟು. ಅದಕ್ಕೆ ಬಾಗಿಲಿಲ್ಲ, ಅದರಾಚೆ ಕೋಣೆಯೂ ಇಲ್ಲ, ಬರೀ ಗೋಡೆ. ಅಜ್ಜಿ ಹುಟ್ಟಿದ ಮನೆಯನ್ನು ಕೆಡವಿದಾಗ, ಬೇರೇನೂ ಬೇಡ, ಈ ಚೌಕಟ್ಟೊಂದು ತನ್ನಿ ಎಂದು ಹಟ ಹಿಡಿದು ತರಿಸಿಕೊಂಡಿದ್ದರಂತೆ. ಅದರ ಬಲಗಡೆಯ ಕಂಬದ ಮೇಲೆ ಅಜ್ಜಿಯ ತಾಯಿ ವರ್ಷ ವರ್ಷವೂ ಮಗಳನ್ನು ನಿಲ್ಲಿಸಿ, ತಲೆಯ ಮಟ್ಟಕ್ಕೆ ಚಾಕುವಿನಿಂದ ಗೆರೆ ಎಳೆದು, ಪಕ್ಕದಲ್ಲಿ ವಯಸ್ಸು ಕೆತ್ತಿದ್ದಳು. ಹೋದ ಸಲ ನಾನು ಅದನ್ನು ಕಂಡು ಖುಷಿಯಿಂದ ಒಂದೊಂದು ಅಂಕಿಗೂ ಹತ್ತಿರದಿಂದ ಫೋಟೋ ತೆಗೆದುಕೊಂಡಿದ್ದೆ. ಒಂಬತ್ತರವರೆಗೆ ಅಂಕಿಗಳಿದ್ದವು. ಐದು ಮಾತ್ರ ಇರಲಿಲ್ಲ. 'ಐದನೆಯ ವರ್ಷದ ಗುರುತು ಸವೆದುಹೋಗಿದೆ' ಎಂದು ವರದಿಯಲ್ಲಿ ಬರೆದು ಮುಂದೆ ಹೋಗಿದ್ದೆ.

ಆ ಚೌಕಟ್ಟಿನ ಮುಂದೆ ಈ ಮನೆಯಲ್ಲಿ ಏನನ್ನೂ ಇಡುವ ಹಾಗಿಲ್ಲ. ಡಾಕ್ಟರಮ್ಮ ಚೀಲ ಇಡಲು ಹೋದರೆ ಪುಟ್ಟಮ್ಮ ಓಡಿ ಬಂದು ತೆಗೆದರು.

"ಅಲ್ಲಿ ಬೇಡ. ದಾರಿಗೆ ಅಡ್ಡ ಆಗುತ್ತೆ ಅಂತ ಅಮ್ಮ ರೇಗ್ತಾಳೆ. ನಾನು ಹುಟ್ಟಿದಾಗಿಂದ ಇದೇ ಪಾಡು."

"ಯಾರ ದಾರಿಗೆ?" ಎಂದೆ.

"ಯಾರಿಗ್ಗೊತ್ತು. ಗಾಳಿಗೆ ಇರಬೇಕು," ಎಂದು ಪುಟ್ಟಮ್ಮ ನಕ್ಕರು.

ಅಜ್ಜಿ ನಗಲಿಲ್ಲ. ಅವರ ಕಿವಿ ಮಂದ, ಕಣ್ಣು ಮಾತ್ರ ಚುರುಕು. ನನ್ನನ್ನು ಕಂಡು, "ಬಂದ್ಯಾ," ಎಂದರು, ಎಷ್ಟೋ ಹೊತ್ತಿನಿಂದ ಕಾಯುತ್ತಿದ್ದವರ ಹಾಗೆ.

ಡಾಕ್ಟರಮ್ಮ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಚುಚ್ಚಿದರು. "ಅಜ್ಜಿ ರಕ್ತ ಯಾವಾಗ ನೋಡಿದ್ರೂ ಕಾಗದಕ್ಕಿಂತ ಚಿಕ್ಕ ವಯಸ್ಸು ತೋರಿಸುತ್ತೆ," ಎಂದು ನನ್ನ ಕಡೆ ತಿರುಗಿ ಹೇಳಿದರು. "ಆ ಗುಟ್ಟು ಸಿಕ್ಕಿಬಿಟ್ರೆ ನನ್ನ ಜನ್ಮ ಸಾರ್ಥಕ." ನಾನು ಅಜ್ಜಿಯ ಕಿವಿಯ ಮಟ್ಟಕ್ಕೆ ಬಗ್ಗಿ ಮಾತಾಡಲು ಒಂದು ಕುಳ್ಳು ಮಣೆ ಎಳೆದುಕೊಂಡು ಚೌಕಟ್ಟಿನ ಪಕ್ಕ ಕೂತೆ. ಹೋದ ಸಲ ಅಲ್ಲಿ ನಿಂತಿದ್ದೆ. ಕೂತದ್ದು ಇದೇ ಮೊದಲು.

ಕೂತಾಗ ನನ್ನ ಕಣ್ಣಿಗೆ ನೇರವಾಗಿ ನಾಲ್ಕರ ಗೆರೆ ಸಿಕ್ಕಿತು. ಅದೇ ಗೆರೆಗೆ ತಾಗಿಕೊಂಡಂತೆ, ಅದೇ ಎತ್ತರದಲ್ಲಿ, ಒಂಬತ್ತು.

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಕೆಳಗೆ ನೋಡಿದೆ. ಮೂರರ ಪಕ್ಕ ಎಂಟು. ಎರಡರ ಪಕ್ಕ ಏಳು. ಇನ್ನೂ ಕೆಳಗೆ, ನನ್ನ ಎದೆಯ ಹತ್ತಿರ, ಒಂದರ ಪಕ್ಕ ಆರು. ನಾಲ್ಕು ವರ್ಷದ ಮಗು ಇಷ್ಟೆತ್ತರ ಬೆಳೆದು, ಆರನೇ ವರ್ಷಕ್ಕೆ ಅಂಬೆಗಾಲಿಕ್ಕುವಷ್ಟು ಚಿಕ್ಕದಾಗಿ, ಮತ್ತೆ ಮೊದಲಿಂದ ಬೆಳೆದಿತ್ತು. ಹೋದ ಸಲ ನಾನು ಒಂದೊಂದೇ ಅಂಕಿಯ ಫೋಟೋ ತೆಗೆದಿದ್ದೆ. ಅಂಕಿ ಓದಿದ್ದೆ, ಎತ್ತರ ನೋಡಿರಲಿಲ್ಲ. ಕಾಗದದ ಮೇಲೆ ಎತ್ತರ ಇರುವುದಿಲ್ಲವಲ್ಲ, ನನ್ನ ಕಣ್ಣಿಗೆ ಅದರ ಅಭ್ಯಾಸವೇ ತಪ್ಪಿಹೋಗಿತ್ತು.

ತಲೆ ಎತ್ತಿದರೆ ಅಜ್ಜಿ ನನ್ನನ್ನೇ ನೋಡುತ್ತಿದ್ದರು.

"ಪುಟ್ಟೀ, ಡಾಕ್ಟರಮ್ಮನ್ನ ಅಡುಗೆಮನೆಗೆ ಕರ್ಕೊಂಡ್ಹೋಗಿ ಕಾಫಿ ಕೊಡು. ಇವನಿಗೆ ಬೇಡ. ಇವನಿಗೆ ಈಗ ಗಂಟಲಲ್ಲಿ ಇಳಿಯಲ್ಲ," ಎಂದರು.

ಇಬ್ಬರೂ ಒಳಗೆ ಹೋದ ಮೇಲೆ ಅಜ್ಜಿ ಮೆಲ್ಲಗೆ ಕೇಳಿದರು. "ನೋಡಿದ್ಯಾ? ಹೋದ ಸಲಾನೇ ನೋಡ್ತೀಯ ಅಂದ್ಕೊಂಡಿದ್ದೆ. ದೊಡ್ಡ ಕ್ಯಾಮೆರಾ ಬೇರೆ ತಂದಿದ್ಯಲ್ಲ."

"ಯಾರಜ್ಜಿ ಅದು? ಮೊದಲ ನಾಲ್ಕು ಗೆರೆ ಯಾರದ್ದು?"

"ಅಕ್ಕಂದು."

ಅಕ್ಕ ಜ್ವರದಲ್ಲಿ ಹೋಗಿದ್ದಳು. ಐದು ತುಂಬಲು ಒಂದೇ ತಿಂಗಳಿತ್ತು. ಆ ವರ್ಷ ಬೀದಿಗೊಂದು ಮಗು ಹೋಗಿತ್ತು, ಸತ್ತವರನ್ನು ಬರೆದುಕೊಳ್ಳುವ ಗುಮಾಸ್ತನೇ ಹೋಗಿದ್ದ. ಹಾಗಾಗಿ ಅಕ್ಕ ಸತ್ತಳೆಂದು ಯಾವ ಕಾಗದವೂ ಹೇಳುವುದಿಲ್ಲ. ತಾಯಿ ಆಗ ತುಂಬು ಬಸುರಿ. ಹುಟ್ಟಿದ್ದು ಹೆಣ್ಣು. ಅವಳೇ ಮತ್ತೆ ಬಂದಳು ಎಂದಳು ತಾಯಿ. ಅಕ್ಕನ ಹೆಸರನ್ನೇ ಕರೆದಳು. ಅಕ್ಕನ ಅಂಗಿ, ಅಕ್ಕನ ಚಮಚ, ಅಕ್ಕ ಹುಟ್ಟಿದ ದಿನ. ಹೊಸ ಮಗುವನ್ನು ಎಲ್ಲೂ ಬರೆಸಲಿಲ್ಲ, ಅವಳ ಲೆಕ್ಕದಲ್ಲಿ ಹೊಸ ಮಗು ಹುಟ್ಟಿರಲೇ ಇಲ್ಲ.

"ವರ್ಷ ತುಂಬೋ ಮೊದಲೇ ಕಂಕುಳಲ್ಲಿ ಹಿಡಿದು ನಿಲ್ಲಿಸಿ ಆರು ಅಂತ ಕೆತ್ತಿದಳಂತೆ," ಎಂದರು ಅಜ್ಜಿ. "ಅಪ್ಪ ಬಾಯಿ ಬಿಡ್ಲಿಲ್ಲ. ಆದ್ರೆ ಸಾಯೋವರೆಗೂ ನನ್ನ ಆ ಹೆಸರು ಹಿಡಿದು ಕರೀಲಿಲ್ಲ. ಏ ಮಗು, ಬಾ ಮಗು, ಅಷ್ಟೇ. ಹೋಗೋ ಮುಂಚೆ ನಂಗೊಬ್ಳಿಗೇ ಎಲ್ಲ ಹೇಳಿ ಹೋದ."

"ಆ ಒಂಬತ್ತರ ಗೆರೆ?"

"ಅದು ನಂಗೆ ನೆನಪಿದೆ. ಮೊದಲನೇ ನೆನಪೇ ಅದು. ಅಮ್ಮ ನಿಲ್ಲಿಸಿದಳು. ಅಕ್ಕನ ಗೆರೆಗಿಂತ ಒಂದು ಬೆರಳು ಕಮ್ಮಿ ಇದ್ದೆ. 'ಯಾಕೇ ಕುಳ್ಳಾಗಿದ್ದೀಯ? ಇದರ ತನಕ ಇದ್ಯಲ್ಲೇ?' ಅಂದಳು. ಮುಖ ಹೆಂಗಾಯ್ತು ಅಂದ್ರೆ, ಈಗ ಇವಳು ನನ್ನ ಬಿಟ್ಟು ಹೋಗ್ತಾಳೆ ಅನ್ನಿಸ್ತು. ತುದಿಗಾಲ ಮೇಲೆ ನಿಂತೆ. ಅವಳು ಕೆಳಗೆ ನೋಡ್ಲಿಲ್ಲ. ಗೆರೆಗೆ ಸರಿ ಹೋಯ್ತು. ನನ್ನ ತಬ್ಕೊಂಡು ಅತ್ತಳು. ಆಮೇಲೆ ಅಳತೆ ಹಾಕ್ಲೇ ಇಲ್ಲ."

"ಯಾಕೆ?"

"ಮೇಲೆ ಅಕ್ಕನ ಗೆರೆ ಇಲ್ವಲ್ಲ. ಬರೀ ನಾನಿದ್ರೆ ಅವಳಿಗೇನು?" ಅಜ್ಜಿ ಚೌಕಟ್ಟಿನ ಕಡೆ ನೋಡಿದರು. "ಆವತ್ತಿಂದ ಇವತ್ತಿನವರೆಗೂ ತುದಿಗಾಲ ಮೇಲೇ ಇದ್ದೀನಿ ಕಣಪ್ಪ. ಅಕ್ಕ ಬರ್ತಾಳೆ. ಅಲ್ಲಿ ನಿಂತ್ಕೋತಾಳೆ. ಬೈಯಲ್ಲ, ಕೇಳಲ್ಲ. ನನ್ನ ಹಿಮ್ಮಡಿ ನೋಡ್ತಾಳೆ."

ಮಾತಾಡುತ್ತ ನಾನು ಅಜ್ಜಿಯ ಕಡೆ ತಿರುಗಿ, ಚೌಕಟ್ಟಿಗೆ ಬೆನ್ನು ಮಾಡಿ ಕೂತಿದ್ದೆ. ಸುಮ್ಮನೆ ಮಣೆಯನ್ನು ಸರಿಸಿಕೊಂಡು ಪಕ್ಕಕ್ಕೆ ತಿರುಗಿದೆ.

"ಶುಕ್ರವಾರ ಅವಳ ಹೆಸರು ಲೋಕಕ್ಕೆಲ್ಲ ಕೇಳುತ್ತೆ. ಆಮೇಲೆ ನಾನು ಯಾವ ಬಾಯಲ್ಲಿ ಹೇಳ್ಲಿ? ಅವಳಾಗೇ ಸಾಯ್ತೀನಿ. ನಾನು ಅಂತ ಒಬ್ಳು ಇದ್ದೆ, ಅದನ್ನ ಒಂದು ಕಡೆ ಬರಿ. ನಾನು ಹುಟ್ಟಿದ ದಿನ ಯಾವ್ದು ಹುಡುಕಿ ಕೊಡು. ಅಷ್ಟೇ ಬೇಕಾಗಿರೋದು."

ನಿಜ ಹೇಳಿಬಿಡುತ್ತೇನೆ. ನನಗೆ ಆಗ ಕರುಣೆ ಬರಲಿಲ್ಲ, ಸಿಟ್ಟು ಬಂತು. ನೂರು ವರ್ಷ ಬಾಯಿ ಮುಚ್ಚಿಕೊಂಡಿದ್ದವರಿಗೆ ಇನ್ನೆರಡು ದಿನ ಮುಚ್ಚಿಕೊಂಡಿರಲು ಏನು ಕಷ್ಟ? ನನ್ನ ಕಡತ, ನನ್ನ ಹೆಸರು, ಕಲಿಯಲು ಬಂದವರ ಮುಂದೆ ನಾನೇ ಬೆನ್ನು ತಟ್ಟಿಕೊಂಡದ್ದು, ಎಲ್ಲ ಕಣ್ಣ ಮುಂದೆ ಬಂತು.

"ಈಗ ಯಾಕಜ್ಜಿ ಇದೆಲ್ಲ? ಬಾಯಿಮಾತನ್ನ ನಾವು ದಾಖಲೆ ಅಂತ ಒಪ್ಪಲ್ಲ," ಎಂದೆ.

"ಅದಕ್ಕೇ ಹುಡುಕು ಅಂದಿದ್ದು," ಎಂದರು ಅಜ್ಜಿ.

ಸಹಿ ಹಾಕದ ಹಾಳೆಯನ್ನು ಚೀಲಕ್ಕೆ ತುರುಕಿಕೊಂಡು ಎದ್ದೆ. ಮೆಟ್ಟಿಲಿಳಿಯುವಾಗ, ಕೆಳಗಿನಿಂದ ಯಾರೋ ಹತ್ತಿ ಬರುತ್ತಿದ್ದಾರೆಂದು ಗೋಡೆಗೆ ಒತ್ತಿ ದಾರಿ ಬಿಟ್ಟೆ. ಯಾರೂ ಬರಲಿಲ್ಲ. ಹಿಂದೆ ಬರುತ್ತಿದ್ದ ಡಾಕ್ಟರಮ್ಮ, "ಯಾಕೆ ನಿಂತ್ರಿ?" ಎಂದರು. ಏನಿಲ್ಲ ಎಂದೆ. ನಾನು ದಾರಿ ಬಿಟ್ಟದ್ದು ನನ್ನ ಸೊಂಟದಷ್ಟು ಎತ್ತರದವರಿಗೆ ಎಂಬುದು ಮಾತ್ರ ನನಗೆ ಖಚಿತವಾಗಿ ಗೊತ್ತಿತ್ತು.

ರಸ್ತೆಯಲ್ಲಿ ಅವರಿಗೆ ವಿಷಯ ಹೇಳಿದೆ. ಅವರು ರಕ್ತದ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತುಬಿಟ್ಟರು.

"ಹಾಗಾದ್ರೆ ಗುಟ್ಟೇ ಇಲ್ಲ," ಎಂದರು ಕೊನೆಗೆ. "ರಕ್ತ ಮೊದಲಿಂದಲೂ ನಿಜ ಹೇಳ್ತಾ ಇತ್ತು. ನಾನು ನಿಮ್ಮ ಕಾಗದ ನಂಬಿದೆ."

ಮಧ್ಯಾಹ್ನ ದಾಖಲೆಗಳ ಕಚೇರಿಗೆ ಹೋದೆ. ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ: ಹುಟ್ಟಿದ ವರ್ಷದ ನಂತರ ಇನ್ನೂ ಹತ್ತು ವರ್ಷದ ಪುಟ ತಿರುವಬೇಕು, ಅದೇ ಮನೆಯಲ್ಲಿ ಅದೇ ಹೆಸರು ಮತ್ತೆ ಬಂದಿದೆಯೇ ನೋಡಬೇಕು. ಹೋದ ಸಲ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದೆ. ಹೆಸರು ಮತ್ತೆ ಬಂದಿರಲಿಲ್ಲ. ಹೆಸರು ಹಿಡಿದು ಹುಡುಕಿದರೆ ಹೆಸರಿರುವವರು ಮಾತ್ರ ಸಿಗುತ್ತಾರೆ ಎಂಬುದು ನನ್ನ ದಪ್ಪ ತಲೆಗೆ ಹೊಳೆದಿರಲಿಲ್ಲ. ಈ ಸಲ ಹುಟ್ಟಿನ ಪುಸ್ತಕ ಬಿಟ್ಟು, ಮನೆಮನೆಗೆ ಹೋಗಿ ಕೂಸುಗಳಿಗೆ ಸಿಡುಬಿನ ಲಸಿಕೆ ಹಾಕುತ್ತಿದ್ದವನ ಪುಸ್ತಕ ತೆಗೆಸಿದೆ. ಅದನ್ನು ಬರೆದಿದ್ದದ್ದು ಮನೆಯ ನಂಬರಿನ ಪ್ರಕಾರ.

ಹತ್ತು ನಿಮಿಷ ಹಿಡಿಯಲಿಲ್ಲ. ಅಕ್ಕ ಹುಟ್ಟಿದ ಐದು ವರ್ಷದ ಮೇಲೆ, ಏಪ್ರಿಲ್ ಇಪ್ಪತ್ತನೇ ತಾರೀಕು. ಅದೇ ಮನೆ, ಅದೇ ತಂದೆ. 'ಹೆಣ್ಣು ಕೂಸು, ನಲವತ್ತು ದಿನ.' ಹೆಸರಿನ ಜಾಗದಲ್ಲಿ ಏನೂ ಇಲ್ಲ. ತಂದೆ ಹೇಳಲು ಒಪ್ಪಲಿಲ್ಲವೋ, ಲಸಿಕೆಯವನು ಕೇಳಲಿಲ್ಲವೋ, ಒಂದು ಅಡ್ಡಗೆರೆ ಎಳೆದು ಮುಂದೆ ಹೋಗಿದ್ದ. ನಾನು ಆ ಅಡ್ಡಗೆರೆಯ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಒಂದು ಇಡೀ ಬದುಕಿಗೆ ಲೋಕದಲ್ಲಿ ಉಳಿದಿದ್ದ ಗುರುತು ಅದೊಂದೇ. ಅದನ್ನೂ ಮುಚ್ಚಿಟ್ಟು ಎದ್ದು ಹೋಗುವ ಯೋಚನೆ ಒಂದು ಗಳಿಗೆ ಬಂತು ಎಂದು ಹೇಳಲು ನಾಚಿಕೆಯಾಗುತ್ತದೆ. ಬೆರಳು ತೆಗೆಯಲು ಆಗಲಿಲ್ಲ. ಸಂಜೆ ನಮ್ಮ ಕಚೇರಿಗೆ ಫೋನು ಮಾಡಿ, ಘೋಷಣೆ ನಿಲ್ಲಿಸಿ, ತಪ್ಪು ನನ್ನದು ಎಂದು ತಿಳಿಸಿದೆ.

ಗುರುವಾರ ಬೆಳಗ್ಗೆ ಮತ್ತೆ ಹೋದೆ. ಪುಟ್ಟಮ್ಮನಿಗೆ ಮೊದಲು ಹೇಳಬೇಕಾಯಿತು. ಅವರು ಕೇಳಿ ಕೆಂಡವಾದರು.

"ನಮ್ಮಮ್ಮ ಸುಳ್ಳು ಹೇಳಿದ್ಲು ಅಂತೀರಾ? ನಾಲ್ಕು ವರ್ಷದ ಹಿಂದೆ ಸರಿ ಅಂತ ಸಹಿ ಹಾಕಿದ್ದು ನೀವೇ ಅಲ್ವಾ? ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದೀನಲ್ರೀ, ನಾಳೆ ನಾನು ಯಾವ ಮುಖ ಇಟ್ಕೊಂಡು ಕೆಳಗಿಳೀಲಿ?"

"ಪುಟ್ಟೀ," ಎಂದರು ಅಜ್ಜಿ ಕುರ್ಚಿಯಿಂದ. "ನಾನೇ ಹೇಳಿದ್ದು ಅವನಿಗೆ."

ಪುಟ್ಟಮ್ಮ ತಾಯಿಯನ್ನು ನೋಡುತ್ತ ನಿಂತರು. "ನಂಗೆ ಹೇಳ್ಲಿಲ್ಲ," ಎಂದರು. ಸಿಟ್ಟೆಲ್ಲ ಇಳಿದು ದನಿ ಮಗುವಿನದಾಗಿತ್ತು. "ಎಂಬತ್ತೊಂದು ವರ್ಷ ಜೊತೆಗಿದ್ದೀನಿ, ನಂಗೊಂದು ಮಾತು ಹೇಳ್ಲಿಲ್ಲ ನೀನು."

"ನೀನಾದ್ರೂ ನನ್ನ ಮಗಳಾಗಿರು ಅಂತ. ಹೇಳಿದ್ರೆ ಅಕ್ಕನ ಮಗಳಾಗಿಬಿಡ್ತೀಯೇನೋ ಅನ್ನೋ ಭಯ," ಎಂದರು ಅಜ್ಜಿ.

ನಾನು ಮಣೆಯ ಮೇಲೆ ಕೂತು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. "ಲಸಿಕೆ ಹಾಕಿದ ದಿನದಿಂದ ನಲವತ್ತು ದಿನ ಹಿಂದಕ್ಕೆ ಎಣಿಸಿದೆ. ಮಾರ್ಚ್ ಹನ್ನೊಂದು ಅಜ್ಜಿ. ನಿಮಗೆ ಈಗ ನೂರಾ ಒಂಬತ್ತು."

"ಮಾರ್ಚ್ ಹನ್ನೊಂದು," ಎಂದು ಅವರು ಬಾಯಲ್ಲಿ ತಿರುಗಿಸಿ ನೋಡಿದರು. "ಹೆಸರೇನು ಬರೆದಿದ್ದಾರೆ?"

"ಹೆಸರಿಲ್ಲ. ಜಾಗ ಖಾಲಿ ಬಿಟ್ಟಿದ್ದಾರೆ."

ಅವರಿಗೆ ನೋವಾಗುತ್ತದೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು. "ಸದ್ಯ. ಅದೊಂದು ನನ್ನದು."

ಆಮೇಲೆ ಎದ್ದು ನಿಲ್ಲಬೇಕು ಎಂದರು. ವರ್ಷದಿಂದ ನಿಂತಿಲ್ಲ, ಬೇಡಮ್ಮ ಎಂದು ಪುಟ್ಟಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ನಾನೊಂದು ತೋಳು, ಪುಟ್ಟಮ್ಮ ಒಂದು ತೋಳು ಹಿಡಿದು, ಹೆಜ್ಜೆ ಹೆಜ್ಜೆಗೂ ನಿಲ್ಲಿಸಿ, ಚೌಕಟ್ಟಿನವರೆಗೆ ಕರೆದುಕೊಂಡು ಹೋದೆವು. ಅಜ್ಜಿ ಕಂಬಕ್ಕೆ ಬೆನ್ನು ಆನಿಸಿ ನಿಂತರು. ಆ ಮೈಗೆ ಒಂದು ಹಕ್ಕಿಯಷ್ಟೂ ತೂಕವಿರಲಿಲ್ಲ.

"ಹಿಮ್ಮಡಿ ನೋಡು ಪುಟ್ಟಿ. ನೆಲಕ್ಕೆ ತಾಗಿದೆಯಾ?"

ಪುಟ್ಟಮ್ಮ ಕಷ್ಟಪಟ್ಟು ಬಗ್ಗಿ, ತಾಯಿಯ ಹಿಮ್ಮಡಿಯ ಕೆಳಗೆ ಬೆರಳು ತೂರಿಸಲು ನೋಡಿದರು. "ತಾಗಿದೆ ಅಮ್ಮ. ಬೆರಳೂ ಹೋಗಲ್ಲ."

ನಾನು ಬಿಳಿ ತಲೆಯ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ನೂರಾ ಒಂಬತ್ತು ಎಂದು ಬರೆದೆ. ಆ ಕಂಬದ ಮೇಲೆ ಅಷ್ಟು ಎತ್ತರದಲ್ಲಿ ಬೇರೆ ಯಾವ ಗೆರೆಯೂ ಇರಲಿಲ್ಲ. ಅಜ್ಜಿ ತಿರುಗಿ ಅದನ್ನು ಮುಟ್ಟಿ ನೋಡಿದರು. ಆಮೇಲೆ ಅವರ ಬೆರಳು ನಿಧಾನವಾಗಿ ಕೆಳಗಿಳಿಯಿತು. ಖಾಲಿ ಮರ ದಾಟಿ, ತಮ್ಮ ಎದೆ ದಾಟಿ, ನಾಲ್ಕರ ಗೆರೆಯ ಹತ್ತಿರ ನಿಂತಿತು. ಮೇಲಿಂದ ಅದನ್ನು ಅವರು ಎಂದೂ ನೋಡಿರಲಿಲ್ಲವೇನೋ.

"ಅವಳ ವಯಸ್ಸೆಷ್ಟು ಅಂತ ಬರೀತೀಯ?" ಎಂದು ಕೇಳಿದರು.

"ನಾಲ್ಕು."

"ಇಷ್ಟೇನಾ?" ಅಜ್ಜಿ ಅಂಗೈಯನ್ನು ಆ ಗೆರೆಯ ಮಟ್ಟಕ್ಕೆ ಚಾಚಿ ಹಿಡಿದರು, ಅಲ್ಲಿ ಒಂದು ತಲೆ ಇದೆಯೇನೋ ಎಂಬಂತೆ. ಅವರ ಕಣ್ಣು ತುಂಬಿತು. "ಅಕ್ಕ ಅಕ್ಕ ಅಂತ ನೂರು ವರ್ಷ ಹೆದರಿ ಸತ್ತೆನಲ್ಲೋ. ಇಷ್ಟು ಚಿಕ್ಕ ಕೂಸು."

ಕುರ್ಚಿಗೆ ತಂದು ಕೂರಿಸಿದೆವು. ಹೊದಿಕೆ ಹೊದಿಸಿದ ಮೇಲೆ ಪುಟ್ಟಮ್ಮ ಕಣ್ಣೊರೆಸಿಕೊಂಡು, ನನ್ನ ಮಣೆಯನ್ನು ಎತ್ತಿ ಚೌಕಟ್ಟಿನ ಮುಂದೆ ಇಡಲು ಹೋದರು. ಇನ್ನು ಮೇಲೆ ಅಡ್ಡ ಇಟ್ಟರೆ ತೊಂದರೆಯಿಲ್ಲ ಎಂದು ಅವರಿಗನ್ನಿಸಿರಬೇಕು, ನನಗೂ ಹಾಗೇ ಅನ್ನಿಸಿತ್ತು.

"ಬೇಡ ಪುಟ್ಟಿ, ತೆಗಿ," ಎಂದರು ಅಜ್ಜಿ. "ಮಗು ಅದು. ಎಡವಿ ಬೀಳುತ್ತೆ."

ಪುಟ್ಟಮ್ಮ ಮಣೆಯನ್ನು ಗೋಡೆಯ ಪಕ್ಕಕ್ಕೆ ಸರಿಸಿದರು.